ಹಾಡು ಬುದ್ಧಿಗೋ, ಎದೆಗೋ? ಪೆಂಡಾಲಿನಲ್ಲಿ ಮುಗಿಯದ ಪಂಚಾಯ್ತಿ!

ಮೈಸೂರು: ಗಣೇಶನ ಹಬ್ಬ ಹತ್ತಿರ ಬಂತೆಂದರೆ ಬೀದಿ ಬೀದಿಯಲ್ಲಿ ಎರಡು ಲೆಕ್ಕ ಶುರು. ಒಂದು ಚಂದಾ ಲೆಕ್ಕ, ಇನ್ನೊಂದು ಹಾಡಿನ ಲೆಕ್ಕ. ಮೊದಲನೆಯದು ಹೇಗೋ ಸರಿಹೋಗುತ್ತೆ. ತಕರಾರೆಲ್ಲ ಎರಡನೆಯದರದ್ದೇ. ಆರ್ಕೆಸ್ಟ್ರಾದವರಿಗೆ ಸಿಕ್ಕುವುದು ರಾತ್ರಿ ಎರಡು ಮೂರು ಗಂಟೆ. ಅಷ್ಟರಲ್ಲಿ ಯಾರ ಹಾಡು ಎಷ್ಟು? ಚಂದಾ ಕೊಟ್ಟ ಅಂಗಡಿ ಯಜಮಾನರದ್ದು ಒಂದು ಪಟ್ಟಿ, ಪೆಂಡಾಲು ಕಟ್ಟಿದ ಹುಡುಗರದ್ದು ಮತ್ತೊಂದು ಪಟ್ಟಿ.

"ಹಾಡು ಅಂದ್ರೆ ಎದೆಗೆ ನಾಟಬೇಕು ಕಣ್ರಯ್ಯ. ಪ್ರಾಸ ಜೋಡಿಸಿ ಚಮತ್ಕಾರ ಮಾಡಿದ್ರೆ ಅದೂ ಒಂದು ಹಾಡಾ?" ಇದು ಹಿರಿಯರ ಪಕ್ಷ. "ಬರೀ ಅಳ್ತಾ ಕೂತ್ರೆ ಆಯ್ತಾ ಅಣ್ಣ? ಮಾತಲ್ಲಿ ಸ್ವಲ್ಪ ಚುರುಕು ಬೇಡ್ವಾ?" ಇದು ಕಿರಿಯರ ವಾದ. ಪಂಚಾಯ್ತಿ ಪೆಂಡಾಲಿನಿಂದ ಟೀ ಅಂಗಡಿಗೆ, ಟೀ ಅಂಗಡಿಯಿಂದ ಸಿಟಿ ಬಸ್ಸಿಗೆ ಹತ್ತಿ ಹೋಗುತ್ತದೆ.

ಪ್ರೇಮಲೋಕದ ಪೆಟ್ಟು

ಈ ಜಗಳ ಜೋರಾದದ್ದು 1987ರಲ್ಲಿ. ಆ ವರ್ಷ ರವಿಚಂದ್ರನ್ ಅವರ 'ಪ್ರೇಮಲೋಕ' ಬಂತು. ಹಾಡು ಬರೆದವರೂ ರಾಗ ಹಾಕಿದವರೂ ಹಂಸಲೇಖ. ಕಾಲೇಜು ಹುಡುಗರು ಕಟ್ಟೆಯ ಮೇಲೆ ಕೂತು ಆಡುವ ಮಾತೇ ಹಾಡಾಗಿ ಹೋಯಿತು. ಅಲ್ಲಿಯವರೆಗೆ ಚಿ. ಉದಯಶಂಕರ್ ಅವರ ತಿಳಿಗನ್ನಡ, ನಮ್ಮೂರಿನವರೇ ಆದ ರಾಜನ್-ನಾಗೇಂದ್ರ ಸೋದರರ ಇಂಪು ಕೇಳಿದ್ದ ಕಿವಿಗಳಿಗೆ ಇದು ದಿಢೀರ್ ಎಂದು ಬಂದ ಪಟಾಕಿ. "ಸಾಹಿತ್ಯ ಸತ್ತೇಹೋಯ್ತು" ಎಂದು ಕೆಲವರು ತಲೆಮೇಲೆ ಕೈ ಹೊತ್ತರು. ಹುಡುಗರು ಕ್ಯಾಸೆಟ್ ಸವೆಯುವಷ್ಟು ಕೇಳಿದರು.

ಹಾಸ್ಯ ನೋಡಿ, ಆಗ ಕ್ಯಾಸೆಟ್ ಸವೆಸಿದ ಹುಡುಗರೇ ಇಂದು ಗಲ್ಲಾಪೆಟ್ಟಿಗೆ ಮುಂದೆ ಕೂತಿರುವ ಯಜಮಾನರು! ಹೊಸ ಹಾಡು ಕೇಳಿ "ಇದ್ರಲ್ಲಿ ಭಾವನೇನೇ ಇಲ್ಲ" ಎನ್ನುವವರೂ ಅವರೇ. 2006ರ 'ಮುಂಗಾರು ಮಳೆ'ಯ ನಂತರ ಇದೇ ವ್ಯಾಜ್ಯಕ್ಕೆ ಹೊಸ ಕಕ್ಷಿದಾರರು ಬಂದರು. ಜಯಂತ ಕಾಯ್ಕಿಣಿಯವರ ಮೆದು ಮಾತಿಗೆ ಒಂದು ಗುಂಪು, ಯೋಗರಾಜ್ ಭಟ್ಟರ ತುಂಟ ಮಾತಿಗೆ ಇನ್ನೊಂದು ಗುಂಪು.

ಅಳಿಸೋದೂ ಒಂದು ಕಸುಬು

ಆದರೆ ಜಾಣತನ ಒಂದು ಕಡೆ, ಭಾವ ಇನ್ನೊಂದು ಕಡೆ ಎಂದು ತಕ್ಕಡಿಯಲ್ಲಿ ತೂಗಲು ಬರುತ್ತದೆಯೇ? ಸಿನಿಮಾ ಹಾಡಿನ ಕಸುಬು ತಿಳಿದವರು ಒಪ್ಪುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಮೊದಲು ರಾಗದ ಮಟ್ಟು, ಆಮೇಲೆ ಮಾತು. ಗಾಯಕ ದನಿ ಎಳೆಯುವ ಕಡೆ ದೀರ್ಘಾಕ್ಷರ ಇರಬೇಕು. ತಾಳ ಬೀಳುವ ಕಡೆ ಮಾತಿಗೂ ಒತ್ತು ಬರಬೇಕು. ಒಂದಕ್ಷರ ಹೆಚ್ಚಾದರೆ ಉಸಿರು ಸಾಲದು, ಕಡಿಮೆಯಾದರೆ ಸಾಲು ಕುಂಟುತ್ತದೆ. ಈ ಇಕ್ಕಟ್ಟಿನಲ್ಲಿ ಬರೆದೂ, ಕೇಳುವವನಿಗೆ "ಅಯ್ಯೋ, ಇದು ನನ್ನ ಮಾತೇ" ಅನ್ನಿಸುವುದಿದೆಯಲ್ಲ, ಅದಕ್ಕಿಂತ ದೊಡ್ಡ ಜಾಣತನ ಯಾವುದು? ಉದಯಶಂಕರ್ ಮಾಡಿದ್ದು ಅದನ್ನೇ. ಜಾಣತನ ಇತ್ತು, ಕಣ್ಣಿಗೆ ಕಾಣಲಿಲ್ಲ ಅಷ್ಟೆ.

ಸಾಕ್ಷಿ ಬೇಕೇ? 1992ರ 'ಜೀವನಚೈತ್ರ'ದಲ್ಲಿ ಅವರು ಬರೆದು, ಉಪೇಂದ್ರಕುಮಾರ್ ತೋಡಿ ರಾಗದಲ್ಲಿ ಕೂರಿಸಿದ ಹಾಡು. ಕಛೇರಿ ವಿದ್ವಾಂಸರೂ ತಲೆದೂಗುವಂಥ ಬಿಗಿ ಅದರದ್ದು. ಹಾಡಿದ ಡಾ. ರಾಜ್‌ಕುಮಾರ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಸ್ವರದ ಗಂಧ ತಿಳಿಯದವರೂ ಅದಕ್ಕೆ ಕಣ್ಣು ಒರೆಸಿಕೊಂಡರು.

ಇನ್ನು "ಇಂಗ್ಲಿಷ್ ಬೆರೆಸಿ ಕೆಡಿಸಿದ್ದು ಹಂಸಲೇಖ" ಎನ್ನುವವರು 1978ರ 'ಆಪರೇಷನ್ ಡೈಮಂಡ್ ರಾಕೆಟ್' ಮರೆತಂತಿದೆ. ಅದರಲ್ಲಿ ಇಂಗ್ಲಿಷ್ ಹಾಡು ಹಾಡಿದ್ದು ಸಾಕ್ಷಾತ್ ಅಣ್ಣಾವ್ರು! ಅದೇ ಹಂಸಲೇಖ 1994ರಲ್ಲಿ 'ಹಾಲುಂಡ ತವರು' ಚಿತ್ರಕ್ಕೆ ಹಾಡು ಕೊಟ್ಟು ಹೆಂಗಸರ ಸೆರಗು ಒದ್ದೆ ಮಾಡಿದರು. 1995ರ 'ಗಾನಯೋಗಿ ಪಂಚಾಕ್ಷರಿ ಗವಾಯಿ'ಯ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ತಂದರು. ಹಾಗಾದರೆ ಅವರನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ?

ಹಳೇ ತೀರ್ಪು

ಈ ವ್ಯಾಜ್ಯಕ್ಕೆ ಕನ್ನಡದಲ್ಲಿ ತೀರ್ಪು ಆಗಲೇ ಆಗಿಹೋಗಿದೆ. ಶಿಶುನಾಳ ಷರೀಫರ ಪದಗಳೆಲ್ಲ ಒಗಟು. ಸೋರುವ ಮನೆಯ ಮಾತೆಂದು ಕೇಳುತ್ತಾ ಹೋದರೆ ಕೊನೆಗೆ ಸೋರುತ್ತಿರುವುದು ನಮ್ಮದೇ ತಲೆ ಎಂದು ತಿಳಿಯುತ್ತದೆ. 1990ರ ಚಿತ್ರದಲ್ಲಿ ಸಿ. ಅಶ್ವತ್ಥ್ ಅವರ ಸಂಗೀತದಲ್ಲಿ ಅವನ್ನು ಕೇಳಿದ ಜನ ಒಗಟು ಬಿಡಿಸಲು ಕಾಯಲಿಲ್ಲ, ಮೊದಲೇ ಕರಗಿದರು. ಜಿ.ಪಿ. ರಾಜರತ್ನಂ ಅವರ ಹೆಂಡಗುಡುಕ ರತ್ನನೂ ಅಷ್ಟೆ. ಮಾತೆಲ್ಲ ತಮಾಷೆ, ತೊದಲು. ಮೈಸೂರು ಅನಂತಸ್ವಾಮಿ ಅದನ್ನು ಹಾಡಿಗೆ ತಂದರೆ ನಗುತ್ತಿದ್ದವರ ಗಂಟಲು ಕಟ್ಟುತ್ತಿತ್ತು.

ಭಾವದ ಹೆಸರಲ್ಲೂ ಮೋಸ ನಡೆಯುತ್ತದೆ, ಅದೂ ಗೊತ್ತಿರಲಿ. ತಾಯಿ, ತವರು, ಕಣ್ಣೀರು ಎಂಬ ಮೂರು ಮಾತು ಹಾಕಿ ಪಿಟೀಲು ಎಳೆದರೆ ಹಾಡಾಗದು. ಪ್ರಾಸಕ್ಕಾಗಿಯೇ ಪ್ರಾಸ ಕಟ್ಟಿದ್ದೂ ಹಾಗೇ, ಹಬ್ಬ ಮುಗಿಯುವಷ್ಟರಲ್ಲಿ ಹಳಸುತ್ತದೆ. ಎರಡೂ ಕಲಬೆರಕೆ ಮಾಲೇ. ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಒಳ್ಳೆ ಮಾಲು ಗುರುತಿಸಲು ಒಂದು ಸುಲಭ ಉಪಾಯವಿದೆ. ಗಿಟಾರು, ಡ್ರಮ್ಮು, ಮೈಕು ಎಲ್ಲ ತೆಗೆದುಬಿಡಿ. ಸಂಜೆ ಕೆಲಸ ಮುಗಿಸಿ ಬಸ್ಸಿನ ಕಂಬಿ ಹಿಡಿದು ನಿಂತವನ ಬಾಯಿಗೆ ತಾನಾಗಿ ಯಾವ ಹಾಡು ಬರುತ್ತದೋ ನೋಡಿ. ಆಗ ಅವನು ಪ್ರಾಸ ಎಣಿಸುವುದಿಲ್ಲ, ಕವಿಯ ಹೆಸರೂ ಕೇಳುವುದಿಲ್ಲ. ಹಬ್ಬದ ಪಟ್ಟಿ ಬರೆಯುವ ಯಜಮಾನರೂ ಹುಡುಗರೂ ಒಂದು ಸಲ ಅದೇ ಬಸ್ಸು ಹತ್ತುವುದು ಒಳ್ಳೇದು. ಟಿಕೆಟ್ಟು ಮಾತ್ರ ತಗೊಳ್ಳಿ!