ಸೀಳದೆ ಬಿಟ್ಟ ಫಿಲ್ಮ್

1963ರ ನವೆಂಬರ್ 22ರ ಮಧ್ಯಾಹ್ನ ಅಮೆರಿಕದ ಡಲ್ಲಾಸ್ ನಗರದ ಕೊಡಾಕ್ ಲ್ಯಾಬಿಗೆ ಪುಟ್ಟ ರೀಲೊಂದು ಬಂತು. ಅದನ್ನು ತೊಳೆಯಲು ಅಲ್ಲಿ ಎಲ್ಲ ಅನುಕೂಲವೂ ಇತ್ತು. ಪ್ರತಿ ತೆಗೆಯಲು ಇರಲಿಲ್ಲ. ರೀಲು ತಂದವರು ಸಿದ್ಧ ಉಡುಪಿನ ಉದ್ಯಮಿ ಅಬ್ರಹಾಂ ಝಪ್ರೂಡರ್. ಅಧ್ಯಕ್ಷ ಕೆನಡಿಗೆ ಗುಂಡು ಬಿದ್ದ ದೃಶ್ಯ ಅವರ ಮನೆಬಳಕೆಯ ಬೆಲ್ ಅಂಡ್ ಹೋವೆಲ್ ಕ್ಯಾಮೆರಾದಲ್ಲಿ ಸೆರೆಯಾಗಿತ್ತು. ಸುಮಾರು 26 ಸೆಕೆಂಡು, 486 ಫ್ರೇಮು.

ಈ ಫಿಲ್ಮಿನ ಮೇಲಿನ ವಾದಗಳೆಲ್ಲ ಸಂಚಿನ ಸುತ್ತಲೇ ಗಿರಕಿ ಹೊಡೆಯುತ್ತವೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆ ಸಂಜೆ ಎರಡು ಲ್ಯಾಬುಗಳಲ್ಲಿ ನಡೆದ ಕೆಲಸ. ಆ ಪುರಾವೆಯಲ್ಲಿ ಇಂದು ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದರಲ್ಲಿ ಬಹುಪಾಲು ಅಲ್ಲೇ ತೀರ್ಮಾನವಾಯಿತು.

8 ಮಿ.ಮೀ. ಫಿಲ್ಮ್ ಕೊಡಾಕ್ 1932ರಲ್ಲಿ ತಂದ ಉಳಿತಾಯದ ಉಪಾಯ. 16 ಮಿ.ಮೀ. ಅಗಲದ 25 ಅಡಿ ಪಟ್ಟಿಯ ಅರ್ಧ ಭಾಗದಲ್ಲಿ ಚಿತ್ರೀಕರಿಸಿ, ರೀಲು ಮಗುಚಿ ಹಾಕಿ ಉಳಿದರ್ಧ ಬಳಸಬೇಕಿತ್ತು. ತೊಳೆದ ಮೇಲೆ ಲ್ಯಾಬಿನವರು ಉದ್ದಕ್ಕೆ ಸೀಳಿ, ಎರಡನ್ನೂ ಜೋಡಿಸಿ 50 ಅಡಿಯ ರೀಲು ಮಾಡಿ ಕೊಡುತ್ತಿದ್ದರು. ಒಂದು ಫ್ರೇಮಿನ ಅಗಲ ಸುಮಾರು 4.5 ಮಿ.ಮೀ., ಹೆಸರುಕಾಳಿನಷ್ಟು. ಅದರ ಮೇಲೆ ಕೂತ ಒಂದು ಧೂಳಿನ ಕಣಕ್ಕೆ ಒಬ್ಬರ ಮುಖ ಮುಚ್ಚುವಷ್ಟು ಶಕ್ತಿ.

ಝಪ್ರೂಡರ್ ಬಳಸಿದ್ದು ಕೊಡಾಕ್ರೋಮ್-2. ಇದಕ್ಕೆ ನೆಗೆಟಿವ್ ಇಲ್ಲ. ಕ್ಯಾಮೆರಾದಲ್ಲಿ ಓಡಿದ ಪಟ್ಟಿಯೇ ಪ್ರೊಜೆಕ್ಟರಿನಲ್ಲೂ ಓಡುತ್ತದೆ. ಕೆಟ್ಟರೆ ಇನ್ನೊಂದಿಲ್ಲ. ಬಣ್ಣ ಹುಟ್ಟಿಸುವ ರಾಸಾಯನಿಕಗಳೂ ಫಿಲ್ಮಿನೊಳಗೆ ಇರುವುದಿಲ್ಲ. ತೊಳೆಯುವಾಗ ಮೂರು ಬೇರೆ ಬೇರೆ ಡೆವಲಪರುಗಳಲ್ಲಿ, ಪದರದಿಂದ ಪದರಕ್ಕೆ, ಬಣ್ಣ ಕೂಡಿಸಬೇಕಿತ್ತು. ಸಣ್ಣ ಲ್ಯಾಬುಗಳ ಕೈಗೆಟುಕದ ಕೆಲಸವಾಗಿತ್ತು ಅದು.

ಕೊಡಾಕಿನವರು ತೊಳೆದ ಫಿಲ್ಮನ್ನು ಸೀಳದೆ ಹಾಗೇ ಕೊಟ್ಟರು. ಊರಿನ ಜೇಮೀಸನ್ ಫಿಲ್ಮ್ ಕಂಪನಿಯಲ್ಲಿದ್ದದ್ದು 16 ಮಿ.ಮೀ. ಪ್ರಿಂಟರ್, ಪೂರ್ತಿ ಅಗಲದ ಪಟ್ಟಿಯಾದರೆ ಅದರಲ್ಲಿ ಓಡುತ್ತಿತ್ತು. ಪ್ರತಿಗೆ ಬಳಸಿದ್ದು ಕೊಡಾಕ್ರೋಮ್-2ಎ. ದೀಪದ ಬೆಳಕಿಗೆ ಹೊಂದುವಂತೆ ಮಾಡಿದ ಕ್ಯಾಮೆರಾ ಫಿಲ್ಮ್ ಅದು, ಪ್ರತಿ ತೆಗೆಯಲೆಂದೇ ಮಾಡಿದ್ದಲ್ಲ. ಪರದೆಗೆಂದು ಮೊದಲೇ ಗಾಢವಾಗಿರುವ ಚಿತ್ರವನ್ನು ಅಂಥದೇ ಫಿಲ್ಮಿಗೆ ಇಳಿಸಿದರೆ ಕಾಂಟ್ರಾಸ್ಟ್ ಇನ್ನಷ್ಟು ಏರುತ್ತದೆ. ನೆರಳಿನಲ್ಲಿರುವ ವಿವರ ಕಪ್ಪಿನಲ್ಲಿ ಮುಳುಗುತ್ತದೆ, ಬಿಸಿಲಿನಲ್ಲಿರುವುದು ಬಿಳಿಚಿಹೋಗುತ್ತದೆ. ಆದರೂ ಅವಸರದ ಆ ಸಂಜೆ ಅದಕ್ಕಿಂತ ಒಳ್ಳೆಯ ದಾರಿ ಇತ್ತೆಂದು ನನಗನ್ನಿಸುವುದಿಲ್ಲ. ಹೀಗೆ ತೆಗೆದ ಮೂರು ಪ್ರತಿಗಳು ತೊಳೆಸಿಕೊಳ್ಳಲು ಮತ್ತೆ ಕೊಡಾಕಿಗೇ ಬಂದವು.

ಝಪ್ರೂಡರ್ ಕ್ಯಾಮೆರಾದಲ್ಲಿ ಫಿಲ್ಮಿನ ಅಂಚಿನ ರಂಧ್ರಗಳ ನಡುವಿನ ಜಾಗಕ್ಕೂ ಚಿತ್ರ ಬೀಳುತ್ತಿತ್ತು. ಮೂಲದಲ್ಲಿ ಅದು ಉಳಿದಿದೆ. ಮೂರು ಪ್ರತಿಗಳಲ್ಲಿ ಇಲ್ಲ. ಹಾಗೆಂದು ಮೂಲವೊಂದೇ ಸಾಲದು. ‘ಲೈಫ್’ ಪತ್ರಿಕೆ ಮೂಲವನ್ನು ಕೊಂಡ ನಂತರ ಅವರ ಲ್ಯಾಬಿನಲ್ಲಿ 208ರಿಂದ 211ರವರೆಗಿನ ಫ್ರೇಮುಗಳು ಹಾಳಾದವು. ಅಲ್ಲಿ ಕತ್ತರಿಸಿ ಅಂಟಿಸಿದ ಗುರುತು ಇಂದಿಗೂ ಇದೆ. ಆ ಫ್ರೇಮುಗಳನ್ನು ಉಳಿಸಿಕೊಟ್ಟದ್ದು ಅದೇ ಮಂಕು ಪ್ರತಿಗಳು.

1999ರಲ್ಲಿ ಅಮೆರಿಕ ಸರ್ಕಾರ ಮೂಲ ಫಿಲ್ಮಿಗಾಗಿ ಝಪ್ರೂಡರ್ ಕುಟುಂಬಕ್ಕೆ 1.6 ಕೋಟಿ ಡಾಲರ್ ಕೊಡಬೇಕೆಂದು ಪಂಚಾಯ್ತಿದಾರರ ಮಂಡಳಿ ತೀರ್ಪಿತ್ತಿತು. ಅಷ್ಟು ಬೆಲೆಯ ಪಟ್ಟಿಯಲ್ಲೂ ಆ ನಾಲ್ಕು ಫ್ರೇಮು ಸಿಗುವುದಿಲ್ಲ. ಅವು ಬೇಕೆಂದರೆ ಜೇಮೀಸನ್ ಪ್ರಿಂಟರಿನಲ್ಲಿ ಇಳಿಸಿದ ಪ್ರತಿಯನ್ನೇ ನೋಡಬೇಕು.