ಬಿಟ್ಟಿಯ ಕೋಡೂ ಗೃಹಸ್ಥರ ಎಚ್ಚರವೂ

ನಮ್ಮ ನೆರೆಮನೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಓದಿ ನೋಡದೆ ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ. ಅವರ ಮಗಳು ಚಿತ್ರ ಬರೆಯುವುದರಲ್ಲಿ ಜಾಣೆ. ಲಗ್ನಪತ್ರಿಕೆ, ನಾಮಕರಣದ ಕರೆಯೋಲೆ, ಗೃಹಪ್ರವೇಶದ ಆಹ್ವಾನ ಮೊದಲಾದುವನ್ನು ಕಂಪ್ಯೂಟರಿನಲ್ಲಿ ಅಂದವಾಗಿ ರಚಿಸಿಕೊಟ್ಟು ತಿಂಗಳಿಗೆ ನಾಲ್ಕು ಕಾಸು ಸಂಪಾದಿಸುವಳು. ಕಳೆದ ವರ್ಷ ತಾನೇ ಕೂಡಿಟ್ಟ ಹಣದಿಂದ ಚಿತ್ರ ಬರೆಯುವ ಟ್ಯಾಬ್ಲೆಟ್ ಒಂದನ್ನು ಕೊಂಡು ತಂದಳು. ಅದರ ಪೆಟ್ಟಿಗೆಯಲ್ಲಿ ಅಂಗೈಯಗಲದ ಕಾರ್ಡೊಂದಿತ್ತು. ಕಾರ್ಡಿನ ಮೇಲೆ ಅಕ್ಷರಗಳೂ ಅಂಕಿಗಳೂ ಬೆರೆತ ಒಂದು ಕೋಡ್. ಅದನ್ನು ಅಂತರಜಾಲದಲ್ಲಿ ನಮೂದಿಸಿದವರಿಗೆ ಚಿತ್ರಗಳೂ ಫಾಂಟುಗಳೂ ತುಂಬಿದ ಭಂಡಾರವೊಂದು ಒಂದು ತಿಂಗಳ ಕಾಲ ಬಿಟ್ಟಿಯಾಗಿ ತೆರೆದಿರುವುದೆಂಬ ಒಕ್ಕಣೆಯೂ ಇದ್ದಿತು.

"ಅಪ್ಪಾ, ದುಡ್ಡೇನೂ ಕೊಡಬೇಕಾಗಿಲ್ಲವಂತೆ. ಆದರೆ ಬ್ಯಾಂಕಿನ ಕಾರ್ಡಿನ ನಂಬರು ಕೇಳುತ್ತಿದೆ" ಎಂದಳು ಮಗಳು.

"ಬಿಟ್ಟಿ ಎಂದಮೇಲೆ ಕಾರ್ಡೇಕಮ್ಮ?"

"ಗುರುತಿಗೆ ಇರಬೇಕು."

ಉಪಾಧ್ಯಾಯರು ತಮ್ಮ ಕಾರ್ಡನ್ನು ಕೊಟ್ಟರು. ಫೋನಿಗೆ ಬಂದ ಓಟಿಪಿಯನ್ನು ತಾವೇ ಕನ್ನಡಕ ಹಾಕಿಕೊಂಡು ಓದಿ ಹೇಳಿದರು. ಖಾತೆಯಿಂದ ಎರಡು ರೂಪಾಯಿ ಹೋಗಿ ಮತ್ತೆ ಹಿಂದಿರುಗಿತು. ಅಲ್ಲಿಗೆ ವಿಷಯವು ಮುಗಿಯಿತೆಂದು ಇಬ್ಬರೂ ಮರೆತರು. ಒಂದು ತಿಂಗಳು ತುಂಬಿದ ಮರುದಿನ ಪಿಂಚಣಿಯ ಖಾತೆಯಿಂದ ಏಳು ಸಾವಿರ ರೂಪಾಯಿಗೆ ಮೇಲ್ಪಟ್ಟ ಮೊತ್ತವು, ಒಂದು ವರ್ಷದ ಚಂದಾ ಎಂಬ ಹೆಸರಿನಲ್ಲಿ, ಕಡಿತವಾಗಿ ಹೋಗಿದ್ದಿತು. ಅದು ಪತ್ನಿಯ ಕಣ್ಣಿನ ಪೊರೆ ತೆಗೆಸಲೆಂದು ಎತ್ತಿಟ್ಟಿದ್ದ ಹಣ.

ಅವರು ಮಗಳನ್ನು ಗದರಲಿಲ್ಲ. ಓದದೆ ಒಪ್ಪಿದೆನಲ್ಲಾ ಎಂಬ ನಾಚಿಕೆಯಿಂದ ಮಾತನ್ನೇ ನಿಲ್ಲಿಸಿದರು. ಮಗಳು ಆ ಮೌನವನ್ನು ಕೋಪವೆಂದು ತಿಳಿದು, ಟ್ಯಾಬ್ಲೆಟ್ಟನ್ನು ಪೆಟ್ಟಿಗೆಗೆ ಸೇರಿಸಿ ಬೀರುವಿನ ಮೇಲಿಟ್ಟಳು. ಎಂಟು ದಿನಗಳ ಮೇಲೆ ಆ ಮನೆಯ ತಾಯಿ ಕಾರ್ಡನ್ನು ತಂದು ನಮ್ಮ ಕೈಗಿತ್ತು, "ಊಟಕ್ಕೆ ಕೂತರೆ ಇಬ್ಬರ ಬಾಯಲ್ಲೂ ಮಾತಿಲ್ಲ. ಇದರಲ್ಲಿ ಏನು ಬರೆದಿದೆಯೋ ನೀವಾದರೂ ಓದಿ ಹೇಳಿ" ಎಂದರು. ನಾವು ಓದಿದೆವು. ಅಂದು ತಿಳಿದುಬಂದ ಸಂಗತಿಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಈ ಕೋಡೆಂಬುದು ಏನೆಂಬುದನ್ನು ನೋಡೋಣ. ಸಂಸ್ಥೆಯ ಕಂಪ್ಯೂಟರಿನಲ್ಲಿ ಖಾತೆಪುಸ್ತಕದಂಥ ಒಂದು ಪಟ್ಟಿಯಿರುವುದು. ನಾವು ಕೋಡನ್ನು ನಮೂದಿಸಿದೊಡನೆ ಆ ಕಂಪ್ಯೂಟರು ನಾಲ್ಕು ವಿಷಯಗಳನ್ನು ಪರೀಕ್ಷಿಸುವುದು: ಈ ಕೋಡು ಪಟ್ಟಿಯಲ್ಲಿದೆಯೆ, ಹಿಂದೆ ಯಾರಾದರೂ ಉಪಯೋಗಿಸಿರುವರೆ, ಗಡುವು ಮೀರಿದೆಯೆ, ನಮ್ಮ ದೇಶಕ್ಕೆ ಇದು ಸಲ್ಲುವುದೆ. ಎಲ್ಲವೂ ಸರಿಯಾಗಿದ್ದರೆ ಕೋಡು ನಮ್ಮ ಹೆಸರಿನಲ್ಲಿ ಖರ್ಚಾದಂತೆ ಗುರುತು ಬೀಳುವುದು. ಇದಕ್ಕೇ ರಿಡೀಮ್ ಮಾಡುವುದೆಂದು ಹೆಸರು. ಎಲ್ಲರಿಗೂ ಒಂದೇ ಆಗಿರುವ ರಿಯಾಯಿತಿಯ ಪದಗಳೂ ಉಂಟು. ಒಬ್ಬರಿಗೆ ಒಂದೇ ಸಲ ಸಲ್ಲುವ ಕೋಡುಗಳೂ ಉಂಟು. ಅಡೋಬಿ ಸಂಸ್ಥೆಯ ಮುಂಗಡ ಕಾರ್ಡುಗಳ ಮೇಲಿರುವುದು ಈ ಎರಡನೆಯ ಬಗೆ. ಅದರಲ್ಲಿ ೨೪ ಅಕ್ಷರಾಂಕಿಗಳಿರುವುವು.

ಇಷ್ಟು ಉದ್ದದ ಸಾಲನ್ನು ಬೆರಳಿನಿಂದ ಒತ್ತುವಾಗ ತಪ್ಪುವುದು ಸಹಜ. ಇಂಗ್ಲಿಷಿನ 'ಓ' ಅಕ್ಷರಕ್ಕೂ ಸೊನ್ನೆಗೂ, 'ಐ' ಅಕ್ಷರಕ್ಕೂ ಒಂದಕ್ಕೂ ಕಣ್ಣಿಗೆ ಭೇದ ತೋರದು. ಆದಕಾರಣವೇ ಡಗ್ಲಸ್ ಕ್ರಾಕ್‌ಫರ್ಡ್ ಎಂಬ ಗಣಕತಜ್ಞರು ರೂಪಿಸಿದ ೩೨ ಚಿಹ್ನೆಗಳ ಪದ್ಧತಿಯಲ್ಲಿ 'ಐ', 'ಎಲ್', 'ಓ' ಅಕ್ಷರಗಳನ್ನು ಬಿಟ್ಟೇ ಇದ್ದಾರೆ. ಆದರೆ ಎಲ್ಲ ಸಂಸ್ಥೆಗಳೂ ಈ ಉಪಕಾರವನ್ನು ಮಾಡುವುದಿಲ್ಲ. ಕೋಡು ಮಿಂಚಂಚೆಯಲ್ಲಿ ಬಂದಿದ್ದರೆ ಕೈಯಿಂದ ಒತ್ತದೆ ನಕಲು ಮಾಡಿ ಅಂಟಿಸುವುದು ಲೇಸು. ಆಗಲೂ ಕೊನೆಯಲ್ಲಿ ಖಾಲಿ ಜಾಗವೊಂದು ಸೇರಿಕೊಂಡಿಲ್ಲವಷ್ಟೆ ಎಂದು ನೋಡಬೇಕು. ಕೋಡು ಸಲ್ಲದೆಂಬ ಉತ್ತರ ಬಂದೊಡನೆ ಮೋಸವೆಂದು ತಿಳಿಯಬೇಕಾಗಿಲ್ಲ; ಬಹುಸಲ ತಪ್ಪು ಇಷ್ಟರಲ್ಲೇ ಇರುವುದು.

ಕೂಪನ್ನು ಹೊಸದೇನಲ್ಲ. ೧೯ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಅಟ್ಲಾಂಟದಲ್ಲಿ ಕೋಕ-ಕೋಲದ ಒಡೆಯರಾಗಿದ್ದ ಏಸ ಕ್ಯಾಂಡ್ಲರ್ ಅವರು ಒಂದು ಲೋಟ ಪಾನೀಯವನ್ನು ಬಿಟ್ಟಿಯಾಗಿ ಕೊಡಿಸುವ ಚೀಟಿಗಳನ್ನು ಹಂಚಿಸಿದರು. ಚೀಟಿ ಕೊಟ್ಟು, ಕುಡಿದು, ಬಾಯೊರಸಿಕೊಂಡು ಹೊರಬಂದರೆ ವ್ಯವಹಾರ ಮುಗಿಯುತ್ತಿದ್ದಿತು. ಇಂದಿನ ಕೋಡು ಹಾಗಲ್ಲ. ಅದನ್ನು ಕೊಟ್ಟಲ್ಲಿ ವ್ಯವಹಾರವು ಆರಂಭವಾಗುವುದು. ಹಿಂದೆ ಮಾಸಪತ್ರಿಕೆಗಳು ಚಂದಾ ತೀರಿದವರಿಗೆ ಮುಂದಿನ ಸಂಚಿಕೆಯನ್ನು ವಿ. ಪಿ. ಮೂಲಕ ಕಳುಹಿಸುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅಂಚೆಯವನು ಬಾಗಿಲಿಗೆ ಬಂದಾಗ ಬೇಕಾದವರು ಹಣ ಕೊಡುತ್ತಿದ್ದರು, ಬೇಡವಾದವರು ಹಿಂದಕ್ಕೆ ಕಳುಹಿಸುತ್ತಿದ್ದರು. ಈಗ ಬಾಗಿಲು ತಟ್ಟುವವರಿಲ್ಲ. ಕಾರ್ಡಿನ ನಂಬರನ್ನೂ ಓಟಿಪಿಯನ್ನೂ ಕೊಟ್ಟ ದಿನವೇ ಮುಂದಿನ ಎಲ್ಲ ಕಂತುಗಳಿಗೂ ನಾವು ಒಪ್ಪಿದಂತಾಗುವುದು.

ಬಾಗಿಲು ತಟ್ಟುವವರು ಇಲ್ಲವೇ ಇಲ್ಲವೆಂದರೂ ತಪ್ಪಾದೀತು. ರಿಸರ್ವ್ ಬ್ಯಾಂಕಿನ ನಿಯಮದಂತೆ, ೨೦೨೧ನೆಯ ಅಕ್ಟೋಬರ್ ೧ರಿಂದ, ಕಾರ್ಡಿನಿಂದ ತಾನಾಗಿ ಕಡಿತವಾಗುವ ಇಂಥ ಮೊತ್ತಗಳ ವಿಷಯದಲ್ಲಿ ಬ್ಯಾಂಕು ಕನಿಷ್ಠ ೨೪ ಗಂಟೆಗಳ ಮುಂಚೆ ಸೂಚನೆ ಕಳುಹಿಸಬೇಕು. ಬೇಡವೆನ್ನುವ ಹಕ್ಕು ಖಾತೆದಾರನಿಗುಂಟು. ಮೊದಲು ೫,೦೦೦ ರೂಪಾಯಿ ಮೀರಿದ ಕಂತಿಗೆ ಮತ್ತೊಮ್ಮೆ ಓಟಿಪಿ ಬೇಕಾಗಿದ್ದಿತು; ೨೦೨೨ನೆಯ ಜೂನ್ ತಿಂಗಳಲ್ಲಿ ಈ ಮಿತಿಯನ್ನು ೧೫,೦೦೦ಕ್ಕೆ ಏರಿಸಲಾಯಿತು. ನಮ್ಮ ಉಪಾಧ್ಯಾಯರ ಏಳು ಸಾವಿರವು ಆ ಮಿತಿಯೊಳಗಿದ್ದುದರಿಂದ ಮತ್ತೆ ಕೇಳದೆ ಹೋಯಿತು. ಮುಂಚಿನ ಸೂಚನೆಯೂ ಅವರ ಫೋನಿಗೆ ಬಂದೇ ಇದ್ದಿತು. ಸಾಲ ಕೊಡುವೆವೆನ್ನುವ ಹತ್ತಾರು ಜಾಹೀರಾತುಗಳ ನಡುವೆ ಇದೂ ಒಂದೆಂದು ಅವರು ಅಳಿಸಿಬಿಟ್ಟಿದ್ದರು.

ಕಾರ್ಡಿನ ಬೆನ್ನಿನ ಸಣ್ಣಕ್ಷರಗಳನ್ನು ಓದಿದಾಗ, ಹಣ ಕಡಿತವಾದ ೧೪ ದಿನಗಳೊಳಗೆ ರದ್ದು ಮಾಡಿದರೆ ಪೂರ್ತಿ ಮೊತ್ತವನ್ನು ಹಿಂದಿರುಗಿಸುವೆವೆಂಬ ಮಾತು ಕಂಡಿತು. ಅದು ಒಂಬತ್ತನೆಯ ದಿನ. ಮಗಳು ಅಲ್ಲಿಯೇ ಕುಳಿತು ಚಂದಾವನ್ನು ರದ್ದು ಮಾಡಿದಳು. ಆ ಸಂಸ್ಥೆಗೆ ಪತ್ರವನ್ನೂ ಬರೆದಳು. "ಇನ್ನೂ ಐದು ದಿನ ಇದೆ, ಅಪ್ಪಾ" ಎಂದು ಆಕೆ ಹೇಳಿದಾಗ, ಉಪಾಧ್ಯಾಯರು ಎಂಟು ದಿನಗಳ ಮೇಲೆ ಮೊದಲ ಮಾತನ್ನಾಡಿದರು: "ಆ ಕಾರ್ಡು ಇತ್ತ ಕೊಡು ಮಗೂ, ನಾನೂ ಒಮ್ಮೆ ಓದುತ್ತೇನೆ." ಹತ್ತು ದಿನಗಳಲ್ಲಿ ಹಣವು ಖಾತೆಗೆ ಮರಳಿತು. ಎಲ್ಲ ಸಂಸ್ಥೆಗಳೂ ಹೀಗೆ ಹಿಂದಿರುಗಿಸುವುವೆಂದು ಯಾರೂ ನೆಚ್ಚಬಾರದು.

ಆದುದರಿಂದ ಯಾವುದೇ ಕೋಡನ್ನು ನಮೂದಿಸುವ ಮುನ್ನ ಈ ಐದು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು.

ಮೊದಲನೆಯದು, ಕೊಟ್ಟವರು ಯಾರು? ಕೊಂಡ ವಸ್ತುವಿನ ಪೆಟ್ಟಿಗೆಯಲ್ಲಿಯೋ ಸಂಸ್ಥೆಯ ಸ್ವಂತ ತಾಣದಲ್ಲಿಯೋ ದೊರೆತ ಕೋಡನ್ನು ನಂಬಬಹುದು. ಅಪರಿಚಿತರು ವಾಟ್ಸಾಪಿನಲ್ಲಿ ಕಳುಹಿಸಿದ ಕೊಂಡಿಯನ್ನು ಮುಟ್ಟಬಾರದು. ಕೋಡುಗಳನ್ನು ಹುಟ್ಟಿಸಿಕೊಡುವೆವೆನ್ನುವ ತಾಣಗಳು ಮೋಸದವೆಂದೇ ತಿಳಿಯಬೇಕು. ಹಾಗೇನಾದರೂ ಹಣ ಹೋದರೆ ೧೯೩೦ ಎಂಬ ಸಂಖ್ಯೆಗೆ ತಡಮಾಡದೆ ಫೋನು ಮಾಡಬೇಕು.

ಎರಡನೆಯದು, ಎಂದಿನವರೆಗೆ? ಇಲ್ಲಿ ಎರಡು ಗಡುವುಗಳುಂಟು: ಕೋಡನ್ನು ನಮೂದಿಸಲು ಒಂದು, ನಮೂದಿಸಿದ ಮೇಲೆ ಉಪಯೋಗಿಸಲು ಇನ್ನೊಂದು. ನಮೂದಿಸಿದ ದಿನದಿಂದಲೇ ತಿಂಗಳ ಎಣಿಕೆ ಸಾಮಾನ್ಯವಾಗಿ ಆರಂಭವಾಗುವುದು. ಆಷಾಢದಲ್ಲಿ ನಮೂದಿಸಿ, ಲಗ್ನಗಳು ಕೂಡಿಬರುವ ಹೊತ್ತಿಗೆ ಬರಿಗೈಯಾಗುವುದಕ್ಕಿಂತ, ಕೆಲಸ ಕೈಯಲ್ಲಿರುವಾಗ ನಮೂದಿಸುವುದು ಜಾಣತನ.

ಮೂರನೆಯದು, ಕಾರ್ಡಿನ ನಂಬರು ಏಕೆ? ಕೇಳಿದರೆ, ತಿಂಗಳು ಕಳೆದ ಮೇಲೆ ಎಷ್ಟು ಹಣವೆಂಬುದನ್ನು ಓದದೆ ಮುಂದುವರಿಯಬಾರದು. ತಿಂಗಳ ಲೆಕ್ಕದಲ್ಲಿ ಬೆಲೆಯನ್ನು ತೋರಿಸಿ ವರ್ಷದ ಮೊತ್ತವನ್ನು ಒಮ್ಮೆಗೇ ತೆಗೆಯುವುದೂ ಉಂಟು.

ನಾಲ್ಕನೆಯದು, ಬಿಡುವ ದಾರಿ ಎಲ್ಲಿದೆ? ಕೆಲವೆಡೆ ಒಡನೆಯೇ ರದ್ದು ಮಾಡಿದರೂ ತಿಂಗಳು ತುಂಬುವವರೆಗೆ ಭಂಡಾರವು ತೆರೆದಿರುವುದು. ಕೆಲವೆಡೆ ಆ ಕ್ಷಣವೇ ಮುಚ್ಚುವುದು. ಸೇರುವುದು ಸುಲಭವಾಗಿಯೂ ಬಿಡುವುದು ಕಷ್ಟವಾಗಿಯೂ ಇರುವಂತೆ ರಚಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ೨೦೨೩ನೆಯ ನವೆಂಬರ್ ೩೦ರ ತನ್ನ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಅಲ್ಲಿ ಹೆಸರಿಸಿದ ೧೩ ಕುಟಿಲ ವಿಧಾನಗಳಲ್ಲಿ ಈ ಚಂದಾದ ಬಲೆಯೂ ಒಂದು. 'ಇನ್ನು ಐದೇ ನಿಮಿಷ ಉಳಿದಿದೆ' ಎಂದು ಹುಸಿಯಾಗಿ ಅವಸರಪಡಿಸುವುದು ಇನ್ನೊಂದು. ಇಂಥ ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ ೧೯೧೫.

ಐದನೆಯದು, ಎಷ್ಟು ಹಕ್ಕು ಬಂದಿತು? ಇದನ್ನು ಕೇಳುವವರೇ ಕಡಮೆ. ಚಿತ್ರವು ನಮ್ಮ ಕಂಪ್ಯೂಟರಿಗೆ ಬಂದಿತೆಂದ ಮಾತ್ರಕ್ಕೆ ನಮ್ಮ ಸ್ವತ್ತಾಗಲಿಲ್ಲ. ಮನೆಯ ಮಗುವಿನ ಹುಟ್ಟುಹಬ್ಬಕ್ಕೆ ಉಪಯೋಗಿಸಬಹುದಾದುದನ್ನು ಹಣಕ್ಕಾಗಿ ಮಾಡಿಕೊಡುವ ಲಗ್ನಪತ್ರಿಕೆಗೆ ಉಪಯೋಗಿಸಲು ಅನುಮತಿ ಇಲ್ಲದಿರಬಹುದು. ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯು ೨೦೦೨ರಿಂದ ಹೊರತಂದಿರುವ ಪರವಾನಗಿಗಳಲ್ಲಿಯೂ ವ್ಯಾಪಾರಕ್ಕೆ ಸಲ್ಲದವು ಇವೆ, ಸಲ್ಲುವುವೂ ಇವೆ. ಚಂದಾ ನಿಂತ ಮೇಲೆ ಹಿಂದೆ ಮಾಡಿದ ಕೆಲಸದ ಗತಿಯೇನೆಂಬುದನ್ನೂ ಆ ಪರವಾನಗಿಯೇ ಹೇಳಬೇಕು. ನೆರೆಮನೆಯ ಮಗಳು ಆ ಒಂದು ತಿಂಗಳಲ್ಲಿ ಆರು ಪತ್ರಿಕೆಗಳನ್ನು ಮಾಡಿಕೊಟ್ಟಿದ್ದಳು. ಅವುಗಳಿಗೆ ದೋಷವಿಲ್ಲವೆಂದು ಪರವಾನಗಿಯಲ್ಲಿ ಓದುವವರೆಗೆ ಆಕೆಗೆ ನೆಮ್ಮದಿಯಿರಲಿಲ್ಲ.

ಕೋಡೇ ಬೇಡದ ಭಂಡಾರಗಳೂ ಇವೆಯೆಂಬುದನ್ನು ಹೇಳದಿದ್ದರೆ ಈ ಲೇಖನವು ಅಪೂರ್ಣ. ಚಿತ್ರ ಬರೆಯಲು ಕ್ರಿಟ, ರೇಖಾಚಿತ್ರಗಳಿಗೆ ಇಂಕ್‌ಸ್ಕೇಪ್ ಎಂಬ ತಂತ್ರಾಂಶಗಳು ಎಂದೆಂದಿಗೂ ಬಿಟ್ಟಿ. ಗೂಗಲ್ ಫಾಂಟ್ಸ್ ತಾಣದಲ್ಲಿ ನೋಟೋ ಸೆರಿಫ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ ಮೊದಲಾದ ಕನ್ನಡ ಫಾಂಟುಗಳು ಮುಕ್ತ ಪರವಾನಗಿಯಲ್ಲಿ ದೊರೆಯುವುವು. ಹಣ ಪಡೆದು ಮಾಡುವ ಕೆಲಸಕ್ಕೂ ಅವು ಸಲ್ಲುವುವು. ಇವುಗಳಿಗೆ ಕಾರ್ಡಿನ ನಂಬರನ್ನು ಕೇಳುವವರಿಲ್ಲ.

ಈಗ ಆ ಮನೆಯ ಲೆಕ್ಕದ ಪುಸ್ತಕದಲ್ಲಿ ಹಾಲು, ದಿನಸಿ, ವಿದ್ಯುತ್ತಿನ ಬಾಬುಗಳ ಜೊತೆಗೆ 'ಕೋಡು' ಎಂಬ ಪುಟವೊಂದುಂಟು. ಯಾವುದು, ಎಂದು ನಮೂದಿಸಿದ್ದು, ಎಂದಿಗೆ ಮುಗಿಯುವುದು, ಯಾರ ಕಾರ್ಡು ಎಂಬ ನಾಲ್ಕು ಅಂಕಣಗಳು. ಮುಗಿಯುವ ದಿನಕ್ಕೆ ಮೂರು ದಿನ ಮುಂಚಿನ ತಾರೀಖನ್ನು ಉಪಾಧ್ಯಾಯರು ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ದೀಪಾವಳಿಯ ಸಮಯದಲ್ಲಿ ಮಗಳಿಗೆ ಇನ್ನೊಂದು ಕೋಡು ಬಂದಿತು. ತಂದೆ ಮಗಳಿಬ್ಬರೂ ಜಗಲಿಯಲ್ಲಿ ಕುಳಿತು ಸಣ್ಣಕ್ಷರಗಳನ್ನು ಕೊನೆಯವರೆಗೆ ಓದಿದರು. ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆ ಆಗಲೇ ಮುಗಿದಿದ್ದುದರಿಂದ ಆಕೆಯೂ ಕಾರ್ಡನ್ನು ಕೈಗೆ ತೆಗೆದುಕೊಂಡು ಒಮ್ಮೆ ಓದಿ ನೋಡಿದರು.