ಹಾರ್ಮೋನು ತಡೆಯುವ ಚುಚ್ಚುಮದ್ದು

ಪ್ರಶ್ನೆ: ಕೆಲವು ದೇಶಗಳಲ್ಲಿ ಲೈಂಗಿಕ ಅಪರಾಧಿಗಳಿಗೆ ಇಂಜೆಕ್ಷನ್ ಕೊಟ್ಟು ಕಾಮಾಸಕ್ತಿ ತಗ್ಗಿಸುತ್ತಾರಂತೆ. ಅದು ಹೇಗೆ ಕೆಲಸ ಮಾಡುತ್ತದೆ?

ಗಂಡಸರ ಕಾಮಾಸಕ್ತಿಗೆ ಬೇಕಾದ ಮುಖ್ಯ ಹಾರ್ಮೋನು ಟೆಸ್ಟೊಸ್ಟಿರಾನ್. ಅದು ತಯಾರಾಗುವುದು ವೃಷಣಗಳಲ್ಲಿ, ಆದರೆ ಅಪ್ಪಣೆ ಬರುವುದು ಮಿದುಳಿನಿಂದ. ಹೈಪೊಥಲಾಮಸ್ ಎಂಬ ಭಾಗ ಬಿಟ್ಟು ಬಿಟ್ಟು ಒಂದು ರಾಸಾಯನಿಕ ಸಂಕೇತ ಕಳಿಸುತ್ತದೆ. ಅದನ್ನು ಪಡೆದ ಪಿಟ್ಯುಟರಿ ಗ್ರಂಥಿ ವೃಷಣಗಳನ್ನು ಕೆಲಸಕ್ಕೆ ಹಚ್ಚುತ್ತದೆ.

ಲ್ಯೂಪ್ರೊಲೈಡ್ ಎಂಬ ಔಷಧ ಈ ಸಂಕೇತದ ನಕಲು. ಆದರೆ ಇದಕ್ಕೆ ಬಿಡುವೇ ಇಲ್ಲ. ಬಾಗಿಲ ಕರೆಗಂಟೆ ಆಗೊಮ್ಮೆ ಈಗೊಮ್ಮೆ ಬಾರಿಸಿದರೆ ಎದ್ದು ಹೋಗುತ್ತೇವೆ. ದಿನವಿಡೀ ಬಾರಿಸುತ್ತಲೇ ಇದ್ದರೆ ಕಿವಿಗೆ ಹಾಕಿಕೊಳ್ಳುವುದನ್ನೇ ಬಿಡುತ್ತೇವೆ. ಪಿಟ್ಯುಟರಿಯೂ ಹಾಗೆಯೇ ಮಾಡುತ್ತದೆ. ಮೊದಲ ಕೆಲವು ದಿನ ಹಾರ್ಮೋನು ಏರಿ, ಸುಮಾರು ನಾಲ್ಕು ವಾರಗಳಲ್ಲಿ ತೀರಾ ಕೆಳಗಿಳಿಯುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿಗೂ ಇದೇ ಮದ್ದು. ನಿಲ್ಲಿಸಿದರೆ ಸಾಮಾನ್ಯವಾಗಿ ಹಾರ್ಮೋನು ಮರಳುತ್ತದೆ. ವರ್ಷಗಟ್ಟಲೆ ಕೊಟ್ಟರೆ ಮೂಳೆಗಳು ಟೊಳ್ಳಾಗುತ್ತವೆ.

ಲೈಂಗಿಕ ಅಪರಾಧಿಗಳಿಗೆ ಇಂಥ ಮದ್ದು ಕೊಡುವ ಕಾನೂನನ್ನು ಅಮೆರಿಕದ ಕ್ಯಾಲಿಫೋರ್ನಿಯಾ 1996ರಲ್ಲೇ ಮಾಡಿತು. ದಕ್ಷಿಣ ಕೊರಿಯಾದಲ್ಲಿ 2011ರಿಂದ ಜಾರಿಯಲ್ಲಿದೆ. ಮಕ್ಕಳತ್ತ ತಡೆಯಲಾಗದ ಸೆಳೆತವಿದ್ದು, ಅದರಿಂದ ಹೊರಬರಬೇಕೆಂದು ತಾನೇ ಬಯಸುವವನಿಗೆ ಆಪ್ತಸಮಾಲೋಚನೆಯ ಜೊತೆ ಈ ಮದ್ದು ನೆರವಾಗಬಲ್ಲದು. ಆದರೆ ಎಷ್ಟೋ ಅತ್ಯಾಚಾರಗಳ ಹಿಂದಿರುವುದು ಕಾಮಕ್ಕಿಂತ ಹೆಚ್ಚಾಗಿ ದ್ವೇಷ, ದರ್ಪ, ಹೆಣ್ಣನ್ನು ತುಳಿಯುವ ಹಟ. ಅದನ್ನು ಇಳಿಸುವ ಇಂಜೆಕ್ಷನ್ ಇಲ್ಲ. 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ ಕಾನೂನು ತಿದ್ದುಪಡಿಗೆ ಸಲಹೆ ಕೊಟ್ಟ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ, ಅತ್ಯಾಚಾರದ ಸಾಮಾಜಿಕ ಬೇರುಗಳನ್ನು ಹಾರ್ಮೋನು ತಡೆಯುವ ಮದ್ದು ಮುಟ್ಟುವುದಿಲ್ಲವೆಂದು 2013ರಲ್ಲಿ ಈ ಶಿಕ್ಷೆಯನ್ನು ತಿರಸ್ಕರಿಸಿತು. ಆ ತೀರ್ಮಾನ ಸರಿಯಾದದ್ದೇ.